ಷರಾ

ಭಾಂಡುಪ್ ಪಶ್ಚಿಮ. ಸ್ಟೇಷನ್ನಿನಿಂದ ಆರು ನಿಮಿಷ, ಹಳಿಯ ಪಕ್ಕಕ್ಕೇ,
ಇಸ್ತ್ರಿ ಅಂಗಡಿಯ ಮೇಲೆ ನಮ್ಮ ಸಂಘದ ವಾಚನಾಲಯ.
ಹತ್ತಡಿಗೆ ಹನ್ನೆರಡು. ನಾಲ್ಕು ಸಾವಿರದ ಚಿಲ್ಲರೆ ಪುಸ್ತಕ,
ಒಂದು ಫ್ಯಾನು, ಒಂದು ಹಳೆಯ ಕಂಪ್ಯೂಟರು,
ಗುಜರಿಗೆ ಹಾಕುವ ಮೊದಲು ಬ್ಯಾಂಕೊಂದು ದಾನ ಮಾಡಿದ್ದು.

ಅದರೊಳಗೆ ಈಗ ಇನ್ನೊಂದು ಕಂಪ್ಯೂಟರು ಕಟ್ಟಬೇಕು.
"ಜಾಗ ಎಲ್ಲಿಂದ ತರುತ್ತೀ?" ಎಂದರು ಬಂಗೇರರು.
ನೀವು ಬಂದ ಹೊಸದರಲ್ಲಿ, ಲಾಲ್‌ಬಾಗಿನ ಖೋಲಿಯಲ್ಲಿ,
ಸೀರೆ ಅಡ್ಡ ಕಟ್ಟಿ ಎರಡು ಸಂಸಾರ ಇತ್ತಂತಲ್ಲ,
ನಲ್ಲಿ ಒಂದೇ, ಬಾಗಿಲೊಂದೇ,
ಆಚೆಯ ಜಗಳ ಈಚೆಗೆ ಕೇಳಿಸುತ್ತಿರಲಿಲ್ಲವಂತೆ.
ಹಾಗೇ ಇದೂ. ಎರಡು ಜಿಬಿ ಮೆಮೊರಿ, ನಲವತ್ತು ಜಿಬಿ ಡಿಸ್ಕು
ಅಳೆದು ಕೊಟ್ಟು ಪರದೆ ಎಳೆದರೆ
ತಾನು ಬಾಡಿಗೆಗಿದ್ದೇನೆಂದು ಒಳಗಿನದಕ್ಕೆ ಗೊತ್ತೇ ಆಗುವುದಿಲ್ಲ.

"ಕೇಳಿಸುತ್ತಿತ್ತು," ಎಂದರು ಬಂಗೇರರು. "ಎಲ್ಲ ಕೇಳಿಸುತ್ತಿತ್ತು.
ಕೇಳಿಸಲಿಲ್ಲ ಅನ್ನುತ್ತಿದ್ದೆವು."

ಮೊದಲ ಭಾನುವಾರ ಅದು ಏಳಲೇ ಇಲ್ಲ.
ಎರಡನೆಯ ಭಾನುವಾರ ಎದ್ದು, ಡೇಟಾಬೇಸ್ ಕಾಣದೆ ಬಿತ್ತು.
ಎಲ್ಲೋ ಒಂದು ಸಾಲಿನ ತುದಿಗೆ ನಾನು ಮರೆತ ಅರ್ಧವಿರಾಮಕ್ಕೆ
ಮಧ್ಯಾಹ್ನವಿಡೀ ಹೋಯಿತು; ಇಸ್ತ್ರಿಯವನ ಇದ್ದಿಲ ಹೊಗೆ
ಮೆಟ್ಟಿಲೇರಿ ಬಂದು ನಮ್ಮ ಜೊತೆ ಕೂತಿತು.
ವಾರದ ದಿನ ನಾನು ಬೆಲ್ಲಾರ್ಡ್ ಪಿಯರಿನಲ್ಲಿ ಹಡಗಿನ ಬಿಲ್ಲು ಬರೆಯುವವಳು.
ಇದನ್ನೆಲ್ಲ ಕಲಿತದ್ದು ಎಂಟು ಹನ್ನೆರಡರ ಸ್ಲೋ ಲೋಕಲ್ಲಿನಲ್ಲಿ,
ಒಂದು ಕೈ ಹಿಡಿಗೆ, ಒಂದು ಕೈ ಫೋನಿಗೆ.
ಕೆಡಿಸುವ ಮೊದಲು ಸ್ನ್ಯಾಪ್‌ಶಾಟ್ ತೆಗೆದಿಡಬೇಕು,
ಕೆಟ್ಟರೆ ನಿನ್ನೆಗೆ ಹಿಂದಿರುಗಬಹುದು, ಎಂದೆ.
ಬಂಗೇರರು ಎರಡು ಸಲ ಕೇಳಿದರು:
ನಿನ್ನೆಗಾ? ಪೂರ್ತಿ ನಿನ್ನೆಗಾ?

ಮೂರನೆಯ ಭಾನುವಾರ ಕನ್ನಡ ಹಾಕಿದೆವು.
ಯಾರೋ ಪುಣ್ಯಾತ್ಮರು, ಎಲ್ಲಿಯೋ ಕೂತು, ಬಿಟ್ಟಿಯಾಗಿ
ಎಂಟುನೂರು ಪದ ಅನುವಾದಿಸಿಟ್ಟಿದ್ದರು.
ಪುಸ್ತಕ ಒಯ್ಯುವವರಿಗೆ 'ಸಾಲಗಾರರು' ಎಂದಿತ್ತು.
ಬಂಗೇರರು ಕನ್ನಡಕ ತೆಗೆದರು. "ಕುಲಾಲ್ ಮೇಷ್ಟ್ರು ಸಾಲಗಾರರಾ?
ಪದ್ಮಾವತಕ್ಕ ಸಾಲಗಾರರಾ? ಒರೆಸು ಅದನ್ನು."
ಮೂಲವೇ ತೆರೆದಿದೆ, ಒರೆಸಲು ಯಾರ ಅಪ್ಪಣೆಯೂ ಬೇಡ.
'ಓದುಗರು' ಎಂದು ತಿದ್ದಿದೆ. ಸರ್‌ನೇಮು ಕಡ್ಡಾಯ ಎನ್ನುತ್ತಿದ್ದ
ಕೆಂಪು ಚುಕ್ಕಿ ಕಿತ್ತೆ.
ಮೊದಲ ಗುಂಡಿಯ ಮೇಲೆ 'ಮನೆ' ಅಂತಿತ್ತು;
ಇದು 'ಮುಖಪುಟ' ಆಗಬೇಕು, ಎಂದೆ.
"ಇರಲಿ ಬಿಡು. ಡಿಪಾಸಿಟ್ಟು ಕೊಡದೆ
ಭಾಂಡುಪಿನಲ್ಲಿ ಸಿಗುವ ಮನೆ ಅದೊಂದೇ."

ಆಮೇಲೆ ರಿಜಿಸ್ಟರು.
ಮೂವತ್ತೊಂದು ವರ್ಷ, ಕೆಂಪು ಬಟ್ಟೆ ಬೆನ್ನಿನ ಏಳು ಸಂಪುಟ.
ಕ್ರಮಸಂಖ್ಯೆಗೆ ಜಾಗವಿತ್ತು. ಲೇಖಕರಿಗೆ, ಬೆಲೆಗೆ, ಒಯ್ದ ತಾರೀಖಿಗೆ ಇತ್ತು.
ಕೊನೆಯ ಕಾಲಮ್ಮಿಗೆ ಮಾತ್ರ ಇರಲಿಲ್ಲ. ಅದರ ತಲೆಗೆ
ಬಂಗೇರರ ಓರೆ ಅಕ್ಷರ: ಷರಾ.

ನಲವತ್ತನೆಯ ಪುಟದಲ್ಲಿ ರೈಲ್ವೆ ಪಾಸು ಸಿಕ್ಕಿತು; ಮುಟ್ಟಿಸಿದೆ.
ಜುಲೈ ಇಪ್ಪತ್ತಾರರ ನೀರಿಗೆ ಇವರ ಖೋಲಿಯೇ ಹೋಗಿದೆ; ದಂಡ ಕೇಳಬಾರದು.
ಗಿರಣಿ ಮುಚ್ಚಿತು. ಇವರು ಊರಿಗೆ. ಪುಸ್ತಕವೂ.
ಕೊನೆಯ ಹಾಳೆ ಇಲ್ಲ. ಬೇಕಾದವರು ಕೇಳಿದರೆ ಬಾಯಲ್ಲಿ ಹೇಳುವೆ.

ಹೊಸ ಕಾಲಮ್ ಸೇರಿಸಲು ಒಂದೇ ಸಾಲು ಸಾಕು.
ಎಷ್ಟು ಅಕ್ಷರ ಹಿಡಿಸಬೇಕೆಂದು ಅದಕ್ಕೆ ಹೇಳಬೇಕು.
ಇನ್ನೂರೈವತ್ತೈದು, ಎಂದೆ.
ಬಂಗೇರರು ಒಂದು ಹಳೆಯ ಷರಾದ ಮೇಲೆ ಬೆರಳಿಟ್ಟು
ಎಣಿಸತೊಡಗಿದರು, ತುಟಿ ಅಲ್ಲಾಡಿಸುತ್ತ.
ಸಾಲದು.

ಆರೂವರೆಗೆ ಮೊದಲ ಷರಾ ಅವರೇ ಹೊಡೆದರು,
ಒಂದೇ ಬೆರಳಲ್ಲಿ, ಗುಂಡಿ ಹುಡುಕಿ ಹುಡುಕಿ,
ನಡುವೆ ಕಲ್ಯಾಣ್ ಫಾಸ್ಟ್ ಹೋದಾಗ
ಮೇಜು ನಡುಗುವುದು ನಿಲ್ಲಲೆಂದು ಕಾದು:

ಇದು ನನ್ನ ಕೈಬರಹವಲ್ಲ.
ಅನುಮಾನ ಬಂದಲ್ಲಿ ರಿಜಿಸ್ಟರು ನೋಡುವುದು.

ಆಮೇಲೆ 'ಉಳಿಸು' ಎಲ್ಲಿದೆ ಎಂದು ಕೇಳಿದರು.